ಭಾವನ ಆಫ್‌ಸೆಟ್ಟು

ಕಾರಿನ ಚಕ್ರ ಆರಿಸುವಾಗ ತೋರಿಸಿದ ಎಚ್ಚರದಲ್ಲಿ ಕಾಲು ಭಾಗವನ್ನು ಹೆಣ್ಣು ನೋಡುವಾಗ ತೋರಿಸಿದ್ದರೆ ನನ್ನ ಭಾವನಿಗೆ ಈ ಜನ್ಮದಲ್ಲಿ ಮದುವೆಯೇ ಆಗುತ್ತಿರಲಿಲ್ಲ! ಇದು ನನ್ನ ಮಾತಲ್ಲ. ಅವರನ್ನು ಮದುವೆಯಾದ ನನ್ನ ಅಕ್ಕನೇ ನೆಂಟರ ಎದುರು ಹೇಳುತ್ತಿದ್ದ ಮಾತು. ಪಕ್ಕದಲ್ಲೇ ಕುಳಿತ ಭಾವ ಸುಮ್ಮನಿರುವವರಲ್ಲ. "ನಿನ್ನನ್ನು ನೋಡಲು ಬಂದ ದಿವಸ ನಾನು ಗಜಕೋಲು ತಂದಿರಲಿಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಭಾವನಿಗೆ ಕಾಪುವಿನಲ್ಲಿ ಜವಳಿ ಅಂಗಡಿ ಇತ್ತು. ಗಜಕೋಲು ಅವರ ಕೈಯ ಮುಂದುವರಿದ ಭಾಗವೆಂದೇ ನಾವು ತಿಳಿದಿದ್ದೆವು. ಊಟಕ್ಕೆ ಕೂತಾಗಲೂ ಎಲೆಯ ಪಕ್ಕದಲ್ಲಿ ಇರುತ್ತಿತ್ತು ಎಂದು ನನಗೆ ನೆನಪು. ಅಕ್ಕ ಇದನ್ನು ಒಪ್ಪುವುದಿಲ್ಲ. ದಿನಚರಿ ಬರೆಯುವ ಚಟ ನನಗೆ ಮದರಾಸಿನ ಕಾಲೇಜಿನಲ್ಲಿ ಅಂಟಿಕೊಂಡಿತು. ಬರೆದಿಟ್ಟರೆ ನೆನಪು ಗಟ್ಟಿಯಾಗುತ್ತದೆ ಎಂದುಕೊಂಡಿದ್ದೆ. ಆದರೆ ಇತಿಹಾಸ ಓದಿದವನಿಗೆ ಗೊತ್ತಿರಬೇಕಾಗಿತ್ತು, ಬರೆದವನು ಆ ದಿನ ಎಲ್ಲಿ ಕೂತಿದ್ದ ಎಂಬುದರ ಮೇಲೆ ನಡೆದದ್ದೆಲ್ಲ ಬದಲಾಗುತ್ತದೆ. ನಾನು ಹೆಚ್ಚಾಗಿ ಭಾವನ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಆದ್ದರಿಂದ ಇದನ್ನು ಹಿಂದಿನ ಸೀಟಿನ ಇತಿಹಾಸ ಎಂದು ಓದಿಕೊಳ್ಳಿ.

ಕಾರು ಬಂದದ್ದು ಹೀಗೆ. ಮಂಗಳೂರಿನಲ್ಲಿದ್ದ ಒಬ್ಬ ಬಿಳಿಯ ಸಾಹೇಬ ತನ್ನ ದೇಶಕ್ಕೆ ಹೊರಟಾಗ ತನ್ನ ಹಳೆಯ ಕಾರನ್ನು ಯಾರಿಗೋ ಬಿಟ್ಟುಹೋದ. ಅದು ಕೈಯಿಂದ ಕೈಗೆ ದಾಟಿ, ಪ್ರತಿಯೊಂದು ಕೈಯಲ್ಲೂ ಏನಾದರೊಂದನ್ನು ಕಳೆದುಕೊಂಡು, ಕೊನೆಗೆ ಭಾವನ ಅಂಗಳಕ್ಕೆ ಬಂತು. ಬರುವಾಗ ಅದಕ್ಕೆ ಹಾರ್ನ್ ಇರಲಿಲ್ಲ. ಅಗತ್ಯವೂ ಇರಲಿಲ್ಲ ಅನ್ನಿ! ಕಟಪಾಡಿಯಲ್ಲಿ ಸ್ಟಾರ್ಟ್ ಮಾಡಿದರೆ ಕಾಪುವಿನವರು ದಾರಿ ಬಿಡುತ್ತಿದ್ದರು.

ಭಾವ ಕಾರು ಬಿಡುವ ರೀತಿಯನ್ನು ಏನೆಂದು ವರ್ಣಿಸಲಿ? ಅವರು ರಸ್ತೆ ನೋಡುತ್ತಿರಲಿಲ್ಲ. ಕಾರಿಗೆ ಕಿವಿ ಕೊಡುತ್ತಿದ್ದರು. "ಕೇಳಿತಾ? ಎಡಗಡೆಯಲ್ಲಿ ಎಂತದೋ ಕಿರ್ ಅಂತ ಉಂಟು" ಎಂದು ತಲೆ ಬಾಗಿಸಿದರೆಂದರೆ ಎದುರಿನ ಎತ್ತಿನ ಗಾಡಿಯವನು ತಾನಾಗಿ ಗದ್ದೆಗೆ ಇಳಿಯಬೇಕು. ಒಮ್ಮೆ ಹೀಗೆ ಗದ್ದೆಗೆ ಇಳಿದ ಗಾಡಿಯವನನ್ನೇ ಕರೆದು, "ಸ್ವಲ್ಪ ಇಲ್ಲಿ ಬಾ, ನಿನಗೂ ಕೇಳ್ತದಾ ನೋಡು" ಎಂದರು! ಅವನು ಕಿವಿಗೊಟ್ಟು ಕೇಳಿ, "ಕೇಳ್ತದೆ ಧಣಿ. ಆದರೆ ಅದು ನನ್ನ ಗಾಡಿಯದ್ದು" ಎಂದ.

ಕಡೆಗೆ ಅಕ್ಕನೇ, "ಈಚೆ ಕೊಡಿ, ನಾನು ಕಲಿಯುತ್ತೇನೆ" ಎಂದಳು. ಭಾವ ಒಂದು ಕ್ಷಣವೂ ಯೋಚಿಸದೆ ಕೀಲಿಕೈ ಕೊಟ್ಟರು. ಹೆಂಗಸೊಬ್ಬಳು ಕಾರು ಬಿಡುವುದನ್ನು ಕಾಪು ಆಗ ಕಂಡಿರಲಿಲ್ಲ. ಕಟ್ಟೆಯ ಮೇಲಿನವರು ಎದ್ದುನಿಂತರು. "ನಿಮ್ಮ ಮನೆಯವರು ಕಾರು ಬಿಡುತ್ತಾರಂತೆ?" ಎಂದು ಅಂಗಡಿಗೆ ಬಂದು ಕೇಳಿದವರಿಗೆ ಭಾವ, "ಹೌದು. ಇನ್ನು ನೀವು ಧೈರ್ಯದಿಂದ ರಸ್ತೆ ದಾಟಬಹುದು" ಎಂದು ಉತ್ತರ ಕೊಟ್ಟರು.

ಅಕ್ಕ ನನಗಿಂತ ಜಾಣೆ. ಇದು ವಿನಯದ ಮಾತಲ್ಲ, ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಅವಳ ಓದು ಹೈಸ್ಕೂಲಿಗೆ ನಿಂತಿತು, ನಾನು ಮದರಾಸಿಗೆ ಹೋದೆ. ಆ ಬಗ್ಗೆ ಅವಳು ಒಂದು ದಿನವೂ ಬಾಯಿ ತೆರೆದು ಏನೂ ಹೇಳಲಿಲ್ಲ. ಕಾರಿನ ಸ್ಟೇರಿಂಗ್ ಹಿಡಿದು ಕಾರ್ಕಳದ ರಸ್ತೆಗೆ ತಿರುಗಿದಾಗ ಮಾತ್ರ ಅವಳ ಮುಖ ಬೇರೆಯಾಗುತ್ತಿತ್ತು. ಆಗ ಅವಳು ಯಾರ ಮಗಳೂ ಅಲ್ಲ, ಯಾರ ಮನೆಯ ಸೊಸೆಯೂ ಅಲ್ಲ. ಎದುರಿನ ಕನ್ನಡಿಯಲ್ಲಿ ನಾನು ಆ ಮುಖವನ್ನು ನೋಡುತ್ತಿದ್ದೆ. ಭಾವ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಎಡಗಡೆಯ ಕಿರ್ ಶಬ್ದವನ್ನು ಆಗ ಅವರು ಒಮ್ಮೆಯೂ ಕೇಳಿಸಿಕೊಳ್ಳಲಿಲ್ಲ!

ಅಷ್ಟರಲ್ಲಿ ಚಕ್ರಗಳ ಕಥೆ ಮುಗಿದಿತ್ತು. ಟಯರಿನದಲ್ಲ, ಅದನ್ನು ಹೊರುವ ಕಬ್ಬಿಣದ ಚಕ್ರದ್ದು. ಕಡಲ ಬದಿಯ ಗಾಳಿಯ ಉಪ್ಪು ಅದನ್ನು ಹಪ್ಪಳದಂತೆ ಮಾಡಿತ್ತು. ಬೇರೆ ನಾಲ್ಕು ಬೇಕು. ಉಡುಪಿಯಲ್ಲಿ ಒಂದು ಗುಜರಿ ಅಂಗಡಿ ಇತ್ತು. ಅದರ ಯಜಮಾನರನ್ನು ನಾವೆಲ್ಲ ಕಾಕ ಎಂದು ಕರೆಯುತ್ತಿದ್ದೆವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಸಾಡಿದ ವಾಹನಗಳ ಅಂಗಾಂಗಗಳೆಲ್ಲ ಅಲ್ಲಿ ರಾಶಿ ಬಿದ್ದಿದ್ದವು. ಅಲ್ಲಿಗೆ ಹೊರಡುವ ಮುಂಚೆ ಭಾವ ಏನು ಮಾಡಿದರು ಗೊತ್ತೇ? ಅಂಗಡಿಯಿಂದ ಒಂದು ತುಂಡು ಲಾಂಗ್‌ಕ್ಲಾತ್ ಹರಿದು ತಂದು, ಹಳೆಯ ಚಕ್ರದ ಮೇಲೆ ಹಾಸಿ, ದರ್ಜಿಯ ಸೀಮೆಸುಣ್ಣದಿಂದ ಅದರ ಸುತ್ತಳತೆ, ನಡುವಿನ ದೊಡ್ಡ ತೂತು, ಬೋಲ್ಟಿನ ಸಣ್ಣ ತೂತುಗಳು, ಎಲ್ಲವನ್ನೂ ಗುರುತು ಮಾಡಿದರು. ರವಿಕೆಗೆ ಅಳತೆ ತೆಗೆದ ಹಾಗೆ! ಆ ಬಟ್ಟೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಉಡುಪಿಗೆ ಹೋದರು. ಕಾಕನ ರಾಶಿಯಲ್ಲಿದ್ದ ಚಕ್ರಗಳ ಮೇಲೆ ಒಂದೊಂದಾಗಿ ಹಾಸಿ ನೋಡಿದರು. ನಾಲ್ಕು ಚಕ್ರಗಳಿಗೆ ಗುರುತುಗಳು ಸರಿಯಾಗಿ ಕೂಡಿದವು.

"ತೂತಿಗೆ ತೂತು ಕೂಡಿದ ಮೇಲೆ ಇನ್ನೆಂತ ಬೇಕು?" ಎಂದರು ಭಾವ.

ಬಟ್ಟೆಯ ವ್ಯಾಪಾರಿ ಮಾತ್ರ ಮಾಡಬಹುದಾದ ತಪ್ಪು ಅದು. ಬಟ್ಟೆಗೆ ಉದ್ದ ಉಂಟು, ಅಗಲ ಉಂಟು. ಆಳವನ್ನು ಯಾರು ಕೇಳುತ್ತಾರೆ?

ಹೊಸ ಚಕ್ರ ಹಾಕಿದ ಮೇಲೆ ಕಾರು ಏಡಿಯ ಹಾಗೆ ಕಾಲುಗಳನ್ನು ಹೊರಗೆ ಚಾಚಿ ನಿಂತಿತು. ಟಯರು ಮಡ್‌ಗಾರ್ಡಿನಿಂದ ಅಂಗೈಯಗಲ ಹೊರಗೆ. ಕೆಸರೆಲ್ಲ ನೇರವಾಗಿ ದಾರಿಹೋಕರ ಪಂಚೆಗೆ! ಭಾವನಿಗೆ ಮಾತ್ರ ಅದು ಬಹಳ ಚಂದ ಕಂಡಿತು. "ಎದೆ ಉಬ್ಬಿಸಿ ನಿಂತ ಹಾಗೆ ಉಂಟು, ಅಲ್ವಾ?" ಎಂದು ಕೇಳಿದರು. ಚಂದವಿಲ್ಲ ಎನ್ನಲು ನನಗೂ ತೋಚಲಿಲ್ಲ.

ಕಟಪಾಡಿಯ ಹತ್ತಿರ ಅಕ್ಕ ಕಾರು ಬಿಡುತ್ತಿದ್ದಾಗ ಮುಂದಿನ ಚಕ್ರ ಒಂದು ಗುಂಡಿಗೆ ಇಳಿಯಿತು. ಅಂಥ ಗುಂಡಿಗಳನ್ನು ಅವಳು ಎಷ್ಟೋ ದಾಟಿಸಿದ್ದಳು. ಈ ಸಲ ಸ್ಟೇರಿಂಗ್ ಅವಳ ಕೈಯಿಂದ ಯಾರೋ ಕಿತ್ತುಕೊಂಡಂತೆ ಗಿರ್ರನೆ ತಿರುಗಿತು. ಅದರ ಅಡ್ಡಕಡ್ಡಿ ಅವಳ ಬಲಗೈಯ ಹೆಬ್ಬೆರಳಿಗೆ ಬಡಿದು ಮಣಿಕಟ್ಟನ್ನು ತಿರುಚಿಬಿಟ್ಟಿತು. ಕಾರು ಬೇಲಿಗೆ ತಾಗಿ ನಿಂತಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಅಕ್ಕ ಕೂಗಿಕೊಂಡಳೆಂದು ನನ್ನ ದಿನಚರಿ ಹೇಳುತ್ತದೆ. ಈಗ ಯೋಚಿಸಿದರೆ ಕೂಗಿದ್ದು ಭಾವ ಎನ್ನಿಸುತ್ತದೆ.

ಮಣಿಪಾಲದ ಡಾಕ್ಟರು ಕೈಗೆ ಪ್ಲಾಸ್ಟರ್ ಹಾಕಿದರು. ಬಿಚ್ಚಿದ ಮೇಲೆ ಕೈ ಕೈಯ ಹಾಗೆಯೇ ಕಂಡಿತು. ಆದರೆ ತುಂಬಿದ ಕೊಡಪಾನ ಎತ್ತಲು ಆಗುತ್ತಿರಲಿಲ್ಲ. ಹೆಬ್ಬೆರಳು ಏನನ್ನೂ ಬಿಗಿಯಾಗಿ ಹಿಡಿಯುತ್ತಿರಲಿಲ್ಲ.

"ಕಾರು ಬಿಡಬಹುದಾ ಡಾಕ್ಟ್ರೇ?" ಎಂದು ಕೇಳಿದ್ದು ಅಕ್ಕನಲ್ಲ, ಭಾವ.

ಡಾಕ್ಟರು ಆಶ್ಚರ್ಯದಿಂದ ಅವರ ಮುಖ ನೋಡಿದರು. "ಬಿಡಬಹುದು. ಆದರೆ ಆ ಕೈಗೆ ಇನ್ನೊಂದು ಜರ್ಕ್ ಬೀಳಬಾರದು" ಎಂದರು.

ಅಕ್ಕ ಊರಿಗೆ ಬಂದು ಕಾರಿನ ಕೀಲಿಕೈಯನ್ನು ಭಾವನ ಅಂಗಡಿಯ ಮೇಜಿನ ಮೇಲೆ ಇಟ್ಟಳು. "ನನಗೆ ಸಾಕು" ಎಂದಳು. ಅತ್ತಿತ್ತ ಹೋಗುವುದಿದ್ದರೆ ಬಸ್ಸು ಉಂಟಲ್ಲ ಎಂದಳು. ಅವಳು ನಗುತ್ತಲೇ ಇದ್ದಳು, ಅಡುಗೆ ಮಾಡುತ್ತಲೇ ಇದ್ದಳು. ಆದರೆ ಆ ಕನ್ನಡಿಯಲ್ಲಿ ಕಾಣುತ್ತಿದ್ದ ಮುಖ ಮತ್ತೆ ಕಾಣಲಿಲ್ಲ. ಭಾವ ಕಾರಿನ ನಾಲ್ಕೂ ಚಕ್ರಗಳನ್ನು ಕಳಚಿ, ಅದನ್ನು ಮುರಕಲ್ಲಿನ ಮೇಲೆ ನಿಲ್ಲಿಸಿದರು. "ಇವಳು ಪುನಃ ಬಿಡುವ ಹಾಗೆ ಆಗುವವರೆಗೆ ಇದು ಇಳಿಯುವುದಿಲ್ಲ" ಎಂದರು. ಅಕ್ಕ, "ಹಾಗಾದರೆ ಅದರೊಳಗೆ ಕೋಳಿ ಸಾಕಿ" ಎಂದಳು.

ಇಲ್ಲಿಯವರೆಗೆ ನನ್ನ ಭಾವ ಸಾಧಾರಣ ಮನುಷ್ಯ. ಹುಚ್ಚು ಶುರುವಾದದ್ದು ಇನ್ನು ಮುಂದೆ, ಅದಕ್ಕೆ ಬೀಜ ಕೊಟ್ಟವನು ನಾನು! ಆಗ ನಾನು ಪರ್ಕಳದಲ್ಲಿ ರೂಮು ಮಾಡಿಕೊಂಡು ಉಡುಪಿಯಲ್ಲಿ ಪಾಠ ಹೇಳುತ್ತಿದ್ದೆ. ಲೈಬ್ರರಿಯಲ್ಲಿ ಮೋಟಾರು ರಿಪೇರಿಯ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರಲ್ಲಿ ಆಫ್‌ಸೆಟ್ ಎಂಬ ಪದವಿತ್ತು. ಚಕ್ರದ ಅಗಲದ ಸರಿ ಮಧ್ಯದಲ್ಲಿ ಒಂದು ಗೆರೆ ಇದೆ ಎಂದುಕೊಳ್ಳಿ. ಬೋಲ್ಟ್ ಹಾಕಿ ಬಿಗಿಯುವ ಮುಖ ಆ ಗೆರೆಯ ಮೇಲೆಯೇ ಇರಬೇಕೆಂದಿಲ್ಲ. ಹೊರಮಗ್ಗುಲಿಗೆ ಸರಿದಿದ್ದರೆ ಚಕ್ರ ಕಾರಿನ ಒಳಗೆ ಸೇರಿಕೊಳ್ಳುತ್ತದೆ; ಒಳಮಗ್ಗುಲಿಗೆ ಸರಿದಿದ್ದರೆ ಚಕ್ರ ಹೊರಗೆ ಚಾಚುತ್ತದೆ. ಆ ಸರಿದ ದೂರವೇ ಆಫ್‌ಸೆಟ್. ಚಕ್ರ ಹೊರಗೆ ಚಾಚಿದಷ್ಟೂ ಗುಂಡಿಯ ಪೆಟ್ಟು ಸ್ಟೇರಿಂಗಿಗೆ ಜೋರಾಗಿ ಬರುತ್ತದೆ. ತೂತುಗಳೆಲ್ಲ ಕೂಡಿದರೂ ಇದೊಂದು ತಪ್ಪಿದರೆ ಎಲ್ಲ ತಪ್ಪಿದ ಹಾಗೆ.

ನಾನು ಇದನ್ನು ಪಾಠದ ಧಾಟಿಯಲ್ಲಿ ವಿವರಿಸಿದೆ. ಭಾವನಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಒಳಗಿನಿಂದ ಬಂದು, "ಎಂತ ಅಷ್ಟು ಕಷ್ಟ ಅದರಲ್ಲಿ? ಕೊಡಪಾನವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಭಾರ ಗೊತ್ತಾಗುವುದಿಲ್ಲ. ಕೈ ಚಾಚಿ ಹಿಡಿದು ನಡೆಯಿರಿ ನೋಡುವಾ, ಎಡವಿದರೆ ಕೈಯೇ ಕಿತ್ತುಬರುತ್ತದೆ" ಎಂದು ಹೇಳಿ ಒಳಗೆ ಹೋದಳು. ಭಾವ ಎದ್ದು, ಒಂದು ಕೊಡಪಾನವನ್ನು ಕೈ ಚಾಚಿ ಹಿಡಿದು ಅಂಗಳದಲ್ಲಿ ನಡೆದು ನೋಡಿದರು.

ಮರುದಿನದಿಂದ ಅವರು ಕಂಡ ಕಂಡ ಚಕ್ರವನ್ನೆಲ್ಲ ಅಳೆಯತೊಡಗಿದರು. ಚಕ್ರದ ಹಿಂಬದಿಗೆ ಅಡ್ಡಲಾಗಿ ಒಂದು ಕೋಲು ಇಡುವುದು, ಆ ಕೋಲಿನಿಂದ ಬೋಲ್ಟಿನ ಮುಖದವರೆಗೆ ಆಳ ನೋಡುವುದು, ಅದರಲ್ಲಿ ಚಕ್ರದ ಅರ್ಧ ಅಗಲವನ್ನು ಕಳೆಯುವುದು. ಲೆಕ್ಕ ಇಷ್ಟೇ. ಆದರೆ ಓಡಾಡುವ ಕಾರಿನ ಚಕ್ರದ ಹಿಂಬದಿ ನೋಡಬೇಕಾದರೆ ಮನುಷ್ಯ ಎಲ್ಲಿರಬೇಕು ಹೇಳಿ? ಕಾರಿನ ಅಡಿಯಲ್ಲಿ!

ಕಾರ್ಕಳದಲ್ಲಿ ನಮ್ಮ ನೆಂಟರ ಮದುವೆ. ಧಾರೆಯ ಹೊತ್ತಿಗೆ ಭಾವ ಕಾಣೆ. ಹುಡುಕಿಕೊಂಡು ಹೊರಗೆ ಬಂದರೆ ಮದುಮಗನ ಹೂವಿನ ಕಾರಿನ ಕೆಳಗಿನಿಂದ ಎರಡು ಪಾದಗಳು ಹೊರಗೆ ಬಂದಿದ್ದವು. ಮದುಮಗನ ಮಾವ ಸಿಟ್ಟಿನಿಂದ ಬಗ್ಗಿ ನೋಡುತ್ತಿದ್ದರು.

"ಯಾರದು ಅಡಿಯಲ್ಲಿ? ಎಂತ ಮಾಡುತ್ತಿದ್ದೀರಿ?"

"ನಿಮ್ಮದು ಸ್ವಲ್ಪ ಹೊರಗೆ ಬಂದದ್ದು ಜಾಸ್ತಿ ಆಯಿತು" ಎಂದಿತು ಕಾರಿನ ಅಡಿ. "ಬೇರಿಂಗ್ ತಿಂದುಹಾಕುತ್ತದೆ, ಈಗಲೇ ಹೇಳಿದ್ದೇನೆ."

"ನೀವು ಯಾರ ಕಡೆಯವರು ಮಾರಾಯ್ರೆ?"

"ನಾನು ಚಕ್ರದ ಕಡೆಯವನು!"

ಈ ಉತ್ತರವನ್ನು ನಾನೇ ಕೇಳಿದೆನೋ, ಅಥವಾ ಅಕ್ಕ ಅಭಿನಯಿಸಿ ತೋರಿಸಿದ್ದನ್ನು ಕೇಳಿ ಕೇಳಿ ನನ್ನದಾಗಿ ಮಾಡಿಕೊಂಡೆನೋ ತಿಳಿಯದು. ಗ್ರೀಸು ಹತ್ತಿದ ಜರಿ ಪಂಚೆಯಲ್ಲಿ ಅವರು ಪಂಕ್ತಿಗೆ ಕೂತದ್ದು ಮಾತ್ರ ಖಂಡಿತ ನಿಜ. ಆ ಪಂಚೆಯನ್ನು ಒಗೆಯಲು ಒಪ್ಪದೆ ಅಕ್ಕ ಅದನ್ನು ಕಾರು ಒರೆಸಲು ಕೊಟ್ಟಳು.

ಆ ಪದ ಅವರ ಬಾಯಲ್ಲಿ ಆಫ್‌ಸೆಟ್ಟು ಆಗಿ, ಜಗತ್ತಿಗೆಲ್ಲ ಅನ್ವಯಿಸತೊಡಗಿತು. ಅಂಗಡಿಯ ಬಾಗಿಲು ಕಿರುಗುಟ್ಟಿದರೆ ಆಫ್‌ಸೆಟ್ಟು ತಪ್ಪಿದೆ. ಪಕ್ಕದ ಮನೆಯ ಅಣ್ಣತಮ್ಮಂದಿರು ಜಗಳವಾಡಿದರೆ ಆಫ್‌ಸೆಟ್ಟು ತಪ್ಪಿದೆ. ನನಗೆ ಹೆಣ್ಣು ನೋಡಲು ಜೊತೆಗೆ ಬಂದ ಭಾವ ದಾರಿಯಲ್ಲಿ ಹೇಳಿದ ಮಾತು ಕೇಳಿ: "ಹುಡುಗಿ ಬಹಳ ಒಳ್ಳೆಯವಳು. ಆದರೆ ನಿನ್ನದೇ ಆಫ್‌ಸೆಟ್ಟು ಸರಿ ಇಲ್ಲ. ನೀನು ಎಲ್ಲದರಿಂದ ಸ್ವಲ್ಪ ಹೊರಗೆ ನಿಲ್ಲುತ್ತಿ." ಆ ದಿನ ನಕ್ಕೆ. ಈಗ ಅಷ್ಟು ನಗು ಬರುವುದಿಲ್ಲ.

ಕಾಕನ ಅಂಗಡಿಗೆ ಅವರು ಎಷ್ಟು ಸಲ ಹೋದರೋ! ಒಂದು ಸಲ ತಂದ ಚಕ್ರವನ್ನು ಕಲ್ಲಿನ ಮೇಲೆಯೇ ತಿರುಗಿಸಿ ನೋಡಿದರೆ, ಅದು ಒಳಗೆ ಸೇರಿದ್ದು ಹೆಚ್ಚಾಗಿ ಸ್ಪ್ರಿಂಗಿಗೆ ಉಜ್ಜಿ, ಇಡೀ ಅಂಗಳ ಸುಟ್ಟ ರಬ್ಬರಿನ ವಾಸನೆ ಹೊಡೆಯಿತು. ಪುನಃ ಕಾಕನ ಅಂಗಡಿ, ಪುನಃ ರಾಶಿ.

"ಧಣಿ, ನಾನು ಕಬ್ಬಿಣ ತೂಕಕ್ಕೆ ಮಾರುವವ. ನೀವು ಸೀರೆ ನೋಡುವ ಹೆಂಗಸರ ಹಾಗೆ ಒಂದೊಂದೇ ತೆಗೆದು ಮಗುಚಿ ಹಾಕ್ತೀರಲ್ಲ" ಎಂದರು ಕಾಕ.

"ಹೆಂಗಸರು ಇಡೀ ಕಪಾಟಿನ ಸೀರೆ ಬಿಡಿಸಿ ನೋಡಿ ಬೇಡ ಅಂತ ಹೋದಾಗ ನಾನು ಎಂತಾದರೂ ಹೇಳಿದ್ದುಂಟಾ ಕಾಕ?"

"ಇಲ್ಲ. ನೀವು ಅವರಿಗೆ ಶರಬತ್ತು ಸಹ ಕೊಡ್ತೀರಿ. ನನ್ನಿಂದ ಅದು ಸಿಗ್ಲಿಕ್ಕಿಲ್ಲ!"

ಕೊನೆಗೆ ರಾಶಿಯ ತಳದಲ್ಲಿ ಮೂರು ಸರಿಯಾದ ಚಕ್ರಗಳು ಸಿಕ್ಕಿದವು, ಭಾವನ ಕಾರಿನ ಜಾತಿಯದ್ದೇ ಇನ್ನೊಂದು ಕಾರಿನವು. ನಾಲ್ಕನೆಯದನ್ನು ಮಟ್ಟುವಿನ ಒಬ್ಬ ಹೆಂಗಸು ಒಯ್ದಿದ್ದಾಳೆ ಎಂದು ಕಾಕ ನೆನಪು ಮಾಡಿಕೊಂಡರು. ಹೆಂಗಸಿಗೆ ಒಂಟಿ ಚಕ್ರ ಯಾಕೆ? ನಾನೂ ಭಾವನೂ ಮಟ್ಟುವಿಗೆ ಹೋದೆವು, ಕಾಕನ ರಾಶಿಗೆ ಮರಳಿಸಬೇಕೆಂದಿದ್ದ ಏಡಿಗಾಲಿನ ಚಕ್ರವೊಂದನ್ನು ಬದಲಿಗೆ ಹೊತ್ತುಕೊಂಡು. ಗುಳ್ಳಬದನೆಯ ಗದ್ದೆಯ ಬಾವಿಕಟ್ಟೆಯ ಪಕ್ಕದಲ್ಲಿ ಚಕ್ರ ಮಲಗಿತ್ತು; ಅದರ ಗುಳಿಯಲ್ಲಿ ತುಂಬಿದ ಕೊಡಪಾನ ದೊರೆಯ ಹಾಗೆ ಕುಳಿತಿತ್ತು.

"ಕೊಡುವುದು ಹೇಗೆ ಅಣ್ಣ?" ಎಂದಳು ಆಕೆ. "ಕೊಡಪಾನ ಉರುಳದೆ ನಿಲ್ಲುವುದೇ ಇದರಲ್ಲಿ."

ಭಾವ ನಮ್ಮ ಚಕ್ರವನ್ನು ಪಕ್ಕದಲ್ಲಿ ಇಟ್ಟರು. ಆಕೆ ಕೊಡಪಾನ ಇಟ್ಟಳು. ಅದು ವಾಲಿ, ಅರ್ಧ ನೀರು ನನ್ನ ಪಾದದ ಮೇಲೆ!

"ಇದಕ್ಕೆ ಗುಳಿಯೇ ಇಲ್ಲ. ಇಂಥದ್ದು ಯಾರು ಮಾಡಿದ್ದು?"

ಭಾವನ ಮುಖ ಅರಳಿತು. "ಅದೇ! ಅದನ್ನೇ ನಾನು ಹೇಳುವುದು!" ಎಂದು ಚಕ್ರವನ್ನು ಮಗುಚಿ ಹಾಕಿದರು. ಈಗ ಗುಳಿ ಮೇಲೆ ಬಂತು. ಕೊಡಪಾನ ಅಲುಗದೆ ಕೂತಿತು. ಆಕೆ ಒಪ್ಪಿಗೆಯಿಂದ ತಲೆಯಾಡಿಸಿ, ನಾವು ಹೊರಡುವಾಗ ಒಂದು ಮಡಿಲು ಗುಳ್ಳವನ್ನೂ ಕೊಟ್ಟಳು. ದಾರಿಯುದ್ದಕ್ಕೂ ಭಾವ, "ಕಾರಿಗೂ ಹಾಗೇ ಮಗುಚಿ ಹಾಕಲಿಕ್ಕೆ ಆಗಿದ್ದರೆ!" ಎಂದು ನಿಟ್ಟುಸಿರು ಬಿಡುತ್ತಿದ್ದರು.

ನಾಲ್ಕು ಚಕ್ರಗಳೂ ಕೂತವು. ಕಾರು ಕಲ್ಲಿನಿಂದ ಇಳಿದು ಮೈ ಹಿಡಿಯಾಗಿಟ್ಟುಕೊಂಡು ನಿಂತಿತು. ಭಾವ ಕೀಲಿಕೈಯನ್ನು ಅಕ್ಕನ ಮುಂದೆ ಹಿಡಿದರು. ಅಕ್ಕ ಸೆರಗಿನಲ್ಲಿ ಬಲಗೈಯನ್ನು ಸುತ್ತಿಕೊಂಡಳು.

"ಬೇಡ ಮಾರಾಯ್ರೆ."

"ಈಗ ಜರ್ಕ್ ಬರುವುದಿಲ್ಲ."

"ನಿಮಗೆ ಹೇಗೆ ಗೊತ್ತು? ನಿಮ್ಮ ಕೈ ಗಟ್ಟಿ ಉಂಟು, ನಿಮಗೆ ಬರಲಿಕ್ಕಿಲ್ಲ."

ಅಳತೆ ಸರಿಯಾಗಿತ್ತು, ಆದರೆ ಅವಳ ಕೈಗೆ ಏನಾಗುತ್ತದೆ ಎಂಬುದು ಯಾವ ಅಳತೆಯಲ್ಲಿ ಬರುತ್ತದೆ? ಭಾವ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡು ಅಂಗಡಿಗೆ ಹೋದರು. ಆ ದಿನ ಅಂಗಡಿಯಲ್ಲಿ ಗಿರಾಕಿಗಳಿಗೆ ತಪ್ಪು ಬಣ್ಣದ ಸೀರೆಗಳನ್ನು ಕೊಟ್ಟರಂತೆ.

ಮರುದಿನ ಬೆಳಿಗ್ಗೆ ನಾನೂ ಅಲ್ಲೇ ಇದ್ದೆ. ಕಾಫಿ ಆರಿತು, ಭಾವ ಇಲ್ಲ, ಅಂಗಳದಲ್ಲಿ ಕಾರೂ ಇಲ್ಲ. ಆದರೆ ಆ ಕಾರು ಅಡಗುವ ಕಾರೇ? ಅದರ ಶಬ್ದ ಕಡಲ ಕಡೆಯಿಂದ ಕೇಳುತ್ತಿತ್ತು. ನಾನೂ ಅಕ್ಕನೂ ಶಬ್ದ ಹಿಡಿದು ಹೋದೆವು. ದೀಪಸ್ತಂಭದ ಕಡೆಗೆ ಹೋಗುವ ರಸ್ತೆ ಆಗ ಮುಕ್ಕಾಲು ಪಾಲು ಗುಂಡಿ. ಭಾವ ಕಾರನ್ನು ನಿಧಾನವಾಗಿ ಒಂದು ಗುಂಡಿಗೆ ಇಳಿಸುತ್ತಿದ್ದರು, ಹತ್ತಿಸುತ್ತಿದ್ದರು, ಹಿಂದೆ ತಂದು ಇನ್ನೂ ಸ್ವಲ್ಪ ಜೋರಾಗಿ ಅದೇ ಗುಂಡಿಗೆ ಬಿಡುತ್ತಿದ್ದರು. ನಾನು ನಗಲು ಬಾಯಿ ತೆರೆದೆ.

ಹತ್ತಿರ ಹೋದಾಗ ಕಂಡಿತು. ಅವರ ಬಲಗೈಯ ಹೆಬ್ಬೆರಳನ್ನು ಅಂಗೈಗೆ ಮಡಚಿ, ಮೊಣಕೈಯವರೆಗೆ ಅಂಗಡಿಯ ತೆಳ್ಳಗಿನ ಮಲ್ಲು ಬಟ್ಟೆ ಸುತ್ತಿ, ಮಣಿಕಟ್ಟು ಬಾಗದ ಹಾಗೆ ಎರಡು ಬಿದಿರಿನ ಸೀಳು ಸೇರಿಸಿ ಕಟ್ಟಿಕೊಂಡಿದ್ದರು. ಒಂಟಿ ಕೈಯಲ್ಲಿ ತಾವೇ ಕಟ್ಟಿಕೊಂಡದ್ದಿರಬೇಕು; ಒಂದು ತುದಿಯಲ್ಲಿ ಹಲ್ಲಿನಿಂದ ಎಳೆದ ಗುರುತಿತ್ತು. ಗಟ್ಟಿ ಇದ್ದ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಆ ನಾಲ್ಕು ಬೆರಳುಗಳಲ್ಲಿ ಮಾತ್ರ ಸ್ಟೇರಿಂಗ್ ಹಿಡಿದು, ಪ್ರತಿ ಗುಂಡಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಈ ಸಲ ಅವರು ಕಾರಿಗೆ ಕಿವಿ ಕೊಡುತ್ತಿರಲಿಲ್ಲ. ಅವಳ ಕೈಗೆ ಏನಾಗುತ್ತದೆಂದು ನೋಡುತ್ತಿದ್ದರು.

ಅಕ್ಕ ರಸ್ತೆಯ ಮಧ್ಯಕ್ಕೆ ಹೋಗಿ ನಿಂತಳು. ಕಾರು ನಿಂತಿತು. ಅವಳು ಬಾಗಿಲು ತೆರೆದು, ಆ ಬಟ್ಟೆಯ ಗಂಟನ್ನು ಬಿಚ್ಚಲು ನಿಂತಳು. ಅವಳ ಹೆಬ್ಬೆರಳಿಗೆ ಗಂಟು ಜಗ್ಗಲಿಲ್ಲ. ಎಡಗೈಯಿಂದ ಬಿಚ್ಚಿದಳು. ಬಟ್ಟೆಯ ಬಿಗಿಗೆ ಭಾವನ ಬೆರಳುಗಳು ಊದಿಕೊಂಡಿದ್ದವು. ಅವಳು ಅವನ್ನು ಸ್ವಲ್ಪ ಹೊತ್ತು ತಿಕ್ಕಿದಳು. ಆಮೇಲೆ, "ಸಾಕು, ಸ್ವಲ್ಪ ಆಚೆ ಸರಿಯಿರಿ" ಎಂದಳು.

ನಾನು ಹಿಂದಿನ ಸೀಟಿಗೆ ಹತ್ತಿದೆ. ಅಕ್ಕ ಕಾರನ್ನು ಕಾರ್ಕಳದ ರಸ್ತೆಗೆ ತಿರುಗಿಸಿದಳು.

ಇದನ್ನು ಬರೆದ ಮೇಲೆ ಅಕ್ಕನಿಗೆ ಓದಿ ಹೇಳಿದೆ. ಕೊಡಪಾನದ ಕಡೆ ನಕ್ಕಳು, ಮದುವೆಯ ಕಡೆ ಇನ್ನೂ ಹೆಚ್ಚು ನಕ್ಕಳು. ಕೊನೆಗೆ ಬಂದಾಗ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದಳು.

"ಅದೊಂದು ತಪ್ಪು ಬರೆದಿದ್ದಿ ಮಾರಾಯ. ಆಚೆ ಸರಿಯಿರಿ ಅಂತ ನಾನು ಹೇಳಲೇ ಇಲ್ಲ" ಎಂದಳು. ಮತ್ತೆ ಹೇಳಿದಳು: "ಅವರೇ ಸರಿದರು."